ನಂಜನಗೂಡಿನ ಯೆಹೂದಿಗಳು

ಗಿಡಿಯನ್‌ನ ಅಜ್ಜ ಬುರುಡೆ ಬಿಡುವುದರಲ್ಲಿ ಎತ್ತಿದ ಕೈ ಎಂದು ಪರ್ತ್ ನಗರದ ಮೋರ್ಲಿ ಬಡಾವಣೆಯ ಆ ಬೀದಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅಂಚೆಯವನಿಗೂ ಗೊತ್ತಿತ್ತು. ಐವತ್ತು ವರ್ಷ ಸಂಸಾರ ಮಾಡಿದ ಅಜ್ಜಿಗಂತೂ ಬೇಸರ ಬರುವಷ್ಟು ಗೊತ್ತಿತ್ತು. ದಕ್ಷಿಣ ಆಫ್ರಿಕದಲ್ಲಿ ಉಷ್ಟ್ರಪಕ್ಷಿ ಸಾಕುತ್ತಿದ್ದ ಯೆಹೂದಿ ಮನೆತನ ಅದು. ವಯಸ್ಸಾದ ಮೇಲೆ ಇಬ್ಬರೂ ಮಗನ ಹಿಂದೆ ಪರ್ತಿಗೆ ಬಂದಿದ್ದರು. ಗಿಡಿಯನ್ ಅಜ್ಜನನ್ನು ಜೈದಾ ಎಂದೂ ಅಜ್ಜಿಯನ್ನು ಬೊಬ್ಬಾ ಎಂದೂ ಕರೆಯುತ್ತಿದ್ದ. ಹಿಂದಿನ ಬೀದಿಯ ಉತ್ತಮ್ ಕೂಡ ಹಾಗೇ ಕರೆಯತೊಡಗಿದ್ದ. ಇಬ್ಬರಿಗೂ ಹತ್ತು ವರ್ಷ, ಒಂದೇ ಕ್ಲಾಸು, ಒಂದೇ ಬೆಂಚು, ಒಂದೇ ಸೈಕಲ್ಲು. ಸೈಕಲ್ಲು ಗಿಡಿಯನ್‌ನದು, ಪಂಕ್ಚರ್ ಮಾಡುವುದು ಉತ್ತಮ್‌ನ ಪಾಲಿನ ಕೆಲಸ.

ಶುಕ್ರವಾರ ಸಂಜೆ ಅವರ ಮನೆಯಲ್ಲಿ ದೊಡ್ಡ ಊಟ. ಬೊಬ್ಬಾ ಎರಡು ಮೇಣದಬತ್ತಿ ಹಚ್ಚಿ ಕಣ್ಣು ಮುಚ್ಚಿಕೊಳ್ಳುವರು, ಜಡೆಯಂತೆ ಹೆಣೆದ ಬ್ರೆಡ್ಡಿನ ಮೇಲೆ ಮಂತ್ರ ಹೇಳುವರು, ಆಮೇಲೆ ಸೂಪು. ಉತ್ತಮ್ ಮಾಂಸ ಮುಟ್ಟುವುದಿಲ್ಲವೆಂದು ಅವನಿಗಾಗಿಯೇ ಸಣ್ಣ ಪಾತ್ರೆಯಲ್ಲಿ ಬರೀ ತರಕಾರಿ ಸೂಪು ಕಾಯಿಸಿ ಅದರಲ್ಲಿ ಹಿಟ್ಟಿನ ಉಂಡೆ ಬಿಡುತ್ತಿದ್ದರು. ಸೂಪಿನ ಜೊತೆಗೆ ನಂಚಿಕೊಳ್ಳಲು ಜೈದಾ ಅವರ ಕಥೆ.

ಆ ಶುಕ್ರವಾರದ ಕಥೆ ಹೀಗಿತ್ತು. ಅವರ ಫಾರ್ಮಿನ ಒಂದು ಉಷ್ಟ್ರಪಕ್ಷಿ ಅಲಾರಂ ಗಡಿಯಾರ ನುಂಗಿತು. ಅಂದಿನಿಂದ ದಿನಾ ಬೆಳಿಗ್ಗೆ ಆರಕ್ಕೆ ಅದರ ಹೊಟ್ಟೆಯಲ್ಲಿ ಗಂಟೆ. ಆಳುಗಳೆಲ್ಲ ಸರಿಯಾದ ಹೊತ್ತಿಗೆ ಏಳತೊಡಗಿದರು, ಫಾರ್ಮು ಉದ್ಧಾರವಾಯಿತು. ಕೊನೆಗೆ ವಯಸ್ಸಾಗಿ ಹಕ್ಕಿ ಸತ್ತಿತು, ಆದರೆ ಗಂಟೆ ಇನ್ನೂ ಎರಡು ದಿನ ಹೊಡೆದದ್ದರಿಂದ ಅದನ್ನು ಹೂಳುವುದಕ್ಕೆ ಯಾರೂ ಒಪ್ಪಲಿಲ್ಲ. ಜೈದಾ ಇದನ್ನೆಲ್ಲ ಒಂದಿಷ್ಟೂ ನಗದೆ, ಬ್ರೆಡ್ಡನ್ನು ಸೂಪಿಗೆ ಅದ್ದುತ್ತಾ ಹೇಳಿದರು. ಆಮೇಲೆ ಉತ್ತಮ್‌ನ ಕಡೆ ತಿರುಗಿದರು. ಆ ಮನೆಯ ಮಾತುಕತೆಯೆಲ್ಲ ಇಂಗ್ಲಿಷಿನಲ್ಲಿ. ನಾವು ಕನ್ನಡದಲ್ಲೇ ಕೇಳಿಸಿಕೊಳ್ಳೋಣ.

"ಈಗ ನಿನ್ನ ಸರದಿ. ನಿಮ್ಮ ಮನೆತನದ ಕಥೆ ಏನು?"

ಉತ್ತಮ್‌ನ ಮನೆತನದಲ್ಲಿ ಕಥೆ ಇರಲಿಲ್ಲ. ಅಪ್ಪ ಉಮಾಪತಿ ದಿನಾ ರೈಲಿನಲ್ಲಿ ಪರ್ತ್ ಸಿಟಿಗೆ ಹೋಗಿ ಗಣಿ ಕಂಪನಿಯೊಂದರ ಸಾಫ್ಟ್‌ವೇರ್ ನೋಡಿಕೊಂಡು ಅದೇ ರೈಲಿನಲ್ಲಿ ವಾಪಸು ಬರುತ್ತಿದ್ದರು. ನಂಜನಗೂಡಿನ ತಾತ ಬ್ಯಾಂಕಿನಲ್ಲಿ ಗುಮಾಸ್ತರಾಗಿ ಸೇರಿ ಗುಮಾಸ್ತರಾಗಿಯೇ ರಿಟೈರ್ ಆದವರು. ಯಾರೂ ಏನನ್ನೂ ನುಂಗಿರಲಿಲ್ಲ. ಇಡೀ ಮೇಜು ತನ್ನನ್ನೇ ನೋಡುತ್ತಿದೆ. ಗೆಳೆಯನ ಮಾನ ಹೋಗುತ್ತದಲ್ಲ ಎಂದು ಗಿಡಿಯನ್ ತಲೆ ತಗ್ಗಿಸಿಕೊಂಡಿದ್ದಾನೆ.

"ನಾವೂ ಯೆಹೂದಿಗಳೇ," ಎಂದ ಉತ್ತಮ್. "ನಂಜನಗೂಡಿನವರು."

ಗಿಡಿಯನ್‌ನ ಚಮಚ ಅರ್ಧದಲ್ಲೇ ನಿಂತಿತು. ಹಿಂದಿನ ತಿಂಗಳಷ್ಟೇ ಅವನು ಉತ್ತಮ್‌ನ ಮನೆಯಲ್ಲಿ ಗಣೇಶನ ಮುಂದೆ ಚಕ್ಕಂಬಕ್ಕಳ ಹಾಕಿ ಕೂತು ಹನ್ನೊಂದು ಕಡುಬು ತಿಂದಿದ್ದ. ಅವನು ಉತ್ತಮ್‌ನನ್ನು ಒಂದು ಗಳಿಗೆ ನೋಡಿ, ಚಮಚವನ್ನು ಸೂಪಿಗೆ ಇಳಿಸಿ, "ಹೌದು, ನಂಗೆ ಮೊದಲೇ ಹೇಳಿದ್ದ," ಎಂದ. ಸ್ನೇಹ ಎಂದರೆ ಇದು. ಇದಕ್ಕಿಂತ ದೊಡ್ಡದೇನನ್ನೂ ಆ ಇಬ್ಬರೂ ಆಮೇಲೆ ಒಬ್ಬರಿಗೊಬ್ಬರು ಮಾಡಲಿಲ್ಲ.

"ಕೊಚ್ಚಿಯಲ್ಲಿ ಯೆಹೂದಿಗಳಿದ್ದಾರೆ," ಎಂದರು ಜೈದಾ. "ನಂಜನಗೂಡಿನಲ್ಲಿ ಯಾಕೆ ಇರಬಾರದು? ಎಷ್ಟು ಮನೆ?"

"ಹದಿನಾಲ್ಕು."

"ಪ್ರಾರ್ಥನೆಗೆ ಸಿನಗಾಗ್ ಇದೆಯೋ?"

"ಕಪಿಲಾ ನದಿ ದಂಡೇಲಿ. ಬಾಳೆಹಣ್ಣು ಕೊಡ್ತಾರೆ."

"ಈಗ ಆ ಜನವೆಲ್ಲ ಎಲ್ಲಿದ್ದಾರೆ?"

"ಮೈಸೂರಿಗೆ ಹೋದ್ರು," ಎಂದ ಉತ್ತಮ್. "ಬಸ್ಸಿದೆ."

ಬೊಬ್ಬಾ ಅವರ ಕಣ್ಣು ತುಂಬಿ ಬಂತು. ಅವನ ತಟ್ಟೆಗೆ ಇನ್ನೆರಡು ಉಂಡೆ ಬಿತ್ತು.

ಒಂದು ಸುಳ್ಳು ಮುಚ್ಚಲು ನೂರು ಸುಳ್ಳು ಹೇಳಬೇಕು ಎನ್ನುತ್ತಾರೆ. ಉತ್ತಮ್ ಅಷ್ಟೆಲ್ಲ ಕಷ್ಟಪಡಬೇಕಾಗಲಿಲ್ಲ. ಮಿಕ್ಕಿದ್ದನ್ನು ಅವನ ಅಮ್ಮ ಹಂಸಾ ನೋಡಿಕೊಂಡಳು, ಅವಳಿಗೇ ತಿಳಿಯದ ಹಾಗೆ.

ಮುಂದಿನ ಶುಕ್ರವಾರ ಬೊಬ್ಬಾ ಒಂದು ಬ್ರೆಡ್ಡು ಹಿಡಿದುಕೊಂಡು, ಸೂರ್ಯ ಮುಳುಗುವ ಮುಂಚೆ ಮನೆ ಸೇರಬೇಕೆಂದು ದಡಬಡ ಬಂದರು. ಹಂಸಾಳಿಗೆ ಅಂದು ಮೋರ್ಲಿಯ ಶಾಪಿಂಗ್ ಸೆಂಟರಿನ ಬಟ್ಟೆ ಅಂಗಡಿಯಲ್ಲಿ ಸಂಜೆಯ ಪಾಳಿ. ಶುಕ್ರವಾರ ಲಕ್ಷ್ಮಿಗೆ ದೀಪ ತಪ್ಪಬಾರದೆಂದು ಹೊತ್ತಿಗೆ ಮುಂಚೆಯೇ ಜೋಡಿ ದೀಪ ಹಚ್ಚಿ ಕೈಮುಗಿದು ನಿಂತಿದ್ದಳು. ಬೊಬ್ಬಾ ಬಾಗಿಲಲ್ಲೇ ನಿಂತುಬಿಟ್ಟರು. ಶುಕ್ರವಾರ, ಸೂರ್ಯಾಸ್ತದ ಮುಂಚೆ, ಎರಡು ದೀಪ, ಹೆಂಗಸಿನ ಕೈಯಲ್ಲಿ. ದೇವರುಗಳಿದ್ದದ್ದು ಟವೆಲ್ ಇಡುವ ಕಪಾಟಿನಲ್ಲಿ, ಅದಕ್ಕೊಂದು ಹಳೆಯ ರೇಷ್ಮೆ ಸೀರೆಯ ಪರದೆ. ಉತ್ತಮ್ ಓಡಿಬಂದು ಪರದೆ ಎಳೆದ. ಬೊಬ್ಬಾ ಅವರ ಸಿನಗಾಗಿನಲ್ಲಿಯೂ ಪವಿತ್ರ ಗ್ರಂಥದ ಸುರುಳಿಗಳನ್ನು ಪರದೆ ಹಾಕಿದ ಕಪಾಟಿನಲ್ಲಿಯೇ ಇಡುತ್ತಾರೆ. ಅವರು ಕಪಾಟಿನ ಕಡೆಗೆ ತಲೆ ಬಾಗಿಸಿದರು, ತೆಗೆದು ತೋರಿಸಿ ಎಂದು ಕೇಳಲಿಲ್ಲ.

ಆಮೇಲೆ ಅಡುಗೆಮನೆ. ಬ್ರೆಡ್ಡನ್ನು ಎಲ್ಲಿಡಲಿ ಎಂದು ಬೊಬ್ಬಾ ಸ್ಟೋವಿನ ಪಕ್ಕದ ಪಾತ್ರೆ ಸರಿಸಲು ಹೋದಾಗ ಹಂಸಾ ತಡೆದಳು.

"ಅದು ಬೇಡ ಆಂಟಿ. ಅದು ಹಾಲಿಗೆ ಮಾತ್ರ. ಬೇರೇದಕ್ಕೆ ಮುಟ್ಟಿಸಲ್ಲ."

ಹಾಲಿನ ಪಾತ್ರೆ ಬೇರೆ, ಮಾಂಸದ ಪಾತ್ರೆ ಬೇರೆ ಎಂದು ಜೀವಮಾನವಿಡೀ ನಡೆಸಿಕೊಂಡು ಬಂದ ಬೊಬ್ಬಾ, ಮಾಂಸದ ಪಾತ್ರೆ ಯಾವುದೆಂದು ಮೆಲ್ಲಗೆ ಕೇಳಿದರು.

"ಈ ಮನೆಗೆ ಮಾಂಸಾನೇ ಬರಲ್ಲ ಆಂಟಿ."

ಬೊಬ್ಬಾ ಕಟ್ಟೆ ಹಿಡಿದುಕೊಂಡರು. ಎರಡು ಕಲೆತುಹೋದೀತೆಂಬ ಭಯಕ್ಕೆ ಎರಡರಲ್ಲೊಂದನ್ನೇ ತ್ಯಜಿಸಿದ ಕುಲ ಇದು ಎಂದು ಅವರಿಗೆ ಆ ಕ್ಷಣದಲ್ಲಿ ಖಾತ್ರಿಯಾಯಿತು. ಅಷ್ಟರಲ್ಲಿ ಆಫೀಸಿನಿಂದ ಬಂದಿದ್ದ ಉಮಾಪತಿ ಬನಿಯನ್ನಿನಲ್ಲಿ ಹೊರಗೆ ಬಂದರು, ಹೆಗಲ ಮೇಲೆ ಜನಿವಾರ. ಯೆಹೂದಿ ಗಂಡಸರ ಒಳ ಅಂಗಿಗೂ ದೇವರ ಹೆಸರಿನ ದಾರಗಳಿರುತ್ತವೆ. ಎರಡು ಸಾವಿರ ವರ್ಷದಲ್ಲಿ ಅಂಗಿ ಸವೆದುಹೋಗಿ ಮೂರೆಳೆ ಉಳಿದುಕೊಂಡಿದೆ ಎಂದು ಬೊಬ್ಬಾ ಮನೆಗೆ ಹೋಗಿ ಗಂಡನಿಗೆ ವಿವರಿಸಿದರಂತೆ. ಜೈದಾ ಎಲ್ಲವನ್ನೂ ಗಂಭೀರವಾಗಿ ಕೇಳಿಕೊಂಡರಂತೆ.

ಇತ್ತ ಹಂಸಾ, "ಆ ಅಜ್ಜಿ ನೋಡು ಪುಟ್ಟ, ನಮ್ಮೋರ ಥರಾನೇ. ಎಷ್ಟು ಮಡಿ," ಎಂದಳು. ಹೀಗೆ ಎರಡೂ ಮನೆಯವರು ಒಬ್ಬರನ್ನೊಬ್ಬರು ತಮ್ಮವರೆಂದೇ ತಿಳಿದು ಎರಡು ವರ್ಷ ಸುಖವಾಗಿದ್ದರು.

ಉತ್ತಮ್‌ಗೆ ಪಾಪಪ್ರಜ್ಞೆ ಇತ್ತೇ ಎಂದರೆ, ಇತ್ತು, ಆದರೆ ಊಟದ ಮುಂಚೆ ಮಾತ್ರ. ಶಾಲೆಯಲ್ಲಿ ಅವನು ಹೆಸರು ಹೇಳಲು ಕಷ್ಟವಾಗುವ ಇಂಡಿಯನ್ ಹುಡುಗ. ಆ ಮೇಜಿನಲ್ಲಿ ಅವನು ಎರಡು ಸಾವಿರ ವರ್ಷ ಕಳೆದುಹೋಗಿ ಸಿಕ್ಕಿದವನು. ಬೊಬ್ಬಾ ತಮ್ಮ ಗೆಳತಿಯರಿಗೆ ಅವನನ್ನು ಕರೆದು ತೋರಿಸುತ್ತಿದ್ದರು. ಗಿಡಿಯನ್ ಎಂದೂ ಒಂದು ಮಾತು ಕೇಳಲಿಲ್ಲ. ಪ್ರಾರ್ಥನೆಯಲ್ಲಿ ಎಲ್ಲಿ ಆಮೆನ್ ಅನ್ನಬೇಕೋ ಅಲ್ಲಿ ಮೇಜಿನ ಕೆಳಗೆ ಕಾಲಿನಿಂದ ಒದೆಯುತ್ತಿದ್ದ, ಅಷ್ಟೆ.

ಗಂಡುಹುಡುಗನಿಗೆ ಹದಿಮೂರು ತುಂಬಿದಾಗ ಅವರಲ್ಲಿ ಉಪನಯನದಂಥ ಒಂದು ಸಮಾರಂಭ. 2013ರಲ್ಲಿ ಗಿಡಿಯನ್‌ನದು ನಿಶ್ಚಯವಾಯಿತು. ಉತ್ತಮ್‌ನದು ಯಾವಾಗ ಎಂದು ಬೊಬ್ಬಾ ಕೇಳತೊಡಗಿದರು. ಉತ್ತಮ್ ಇಂಗು ತಿಂದ ಮಂಗನಂತಾದ. ಅವನನ್ನು ಕಾಪಾಡಿದ್ದು ಕಬ್ಬಿಣದ ಅದಿರಿನ ಬೆಲೆ. ಅದು ಬಿದ್ದದ್ದರಿಂದ ಉಮಾಪತಿಯ ಕಾಂಟ್ರಾಕ್ಟ್ ಮುಗಿಯಿತು, ಬ್ರಿಸ್ಬೇನಿನ ಎಯ್ಟ್ ಮೈಲ್ ಪ್ಲೇನ್ಸ್‌ನ ಟೆಕ್ನಾಲಜಿ ಪಾರ್ಕಿನಲ್ಲಿ ಬೇರೆ ಕೆಲಸ ಸಿಕ್ಕಿತು.

ಹೊರಡುವ ಹಿಂದಿನ ದಿನ ಜೈದಾ ಅವನನ್ನು ಹಿತ್ತಲಿಗೆ ಕರೆದು ನಿಂಬೆಗಿಡದ ಪಕ್ಕದ ಕುರ್ಚಿಯಲ್ಲಿ ಕೂರಿಸಿದರು.

"ನಂಜನಗೂಡಿನಲ್ಲಿ ಶಿವನ ದೇವಸ್ಥಾನ ಇದೆ," ಎಂದರು. "ಒಳ್ಳೆ ಬಾಳೆಹಣ್ಣಿದೆ. ಹಲ್ಲುಪುಡಿ ಇದೆ. ಯೆಹೂದಿ ಇಲ್ಲ."

ಉತ್ತಮ್ ಕುರ್ಚಿಯಿಂದ ಅರ್ಧ ಎದ್ದ.

"ಲೈಬ್ರರಿಯ ಹುಡುಗಿ ಕಂಪ್ಯೂಟರಿನಲ್ಲಿ ಹುಡುಕಿಕೊಟ್ಟಳು. ನೀನು ಹೇಳಿದ ಆ ಶುಕ್ರವಾರದ ಮುಂದಿನ ಸೋಮವಾರ."

"ಅವತ್ತಿಂದ ಗೊತ್ತಾ? ಮತ್ತೆ ಯಾಕೆ ಯಾರಿಗೂ ಹೇಳ್ಲಿಲ್ಲ?"

"ಅಷ್ಟು ಒಳ್ಳೆಯ ಕಥೆ, ಮೂರೇ ದಿನಕ್ಕೆ ಮುಗಿಸುವುದೇ?" ಜೈದಾ ಒಂದು ನಿಂಬೆಹಣ್ಣು ಕಿತ್ತು ಮೂಸಿ ನೋಡಿದರು. "ಬಸ್ಸಿದೆ ಅಂದೆಯಲ್ಲ, ಅಲ್ಲಿ ನೀನು ನನ್ನನ್ನು ಮೀರಿಸಿದೆ. ನಾನಾಗಿದ್ದರೆ ಒಂಟೆ ಅನ್ನುತ್ತಿದ್ದೆ, ಕೆಡುತ್ತಿತ್ತು. ಬೊಬ್ಬಾಗೆ ಹೇಳಬೇಡ. ನಾನಿರುವವರೆಗಾದರೂ ಹೇಳಬೇಡ."

ಜಗತ್ತಿನಲ್ಲಿ ಅವನನ್ನು ಅಷ್ಟು ಮನಸಾರೆ ಯಾರೂ ಹೊಗಳಿರಲಿಲ್ಲ. ಉತ್ತಮ್ ಈ ಮಾತನ್ನು ಗಿಡಿಯನ್‌ಗೂ ಹೇಳಲಿಲ್ಲ.

ಬ್ರಿಸ್ಬೇನಿಗೆ ಹೋದ ಮೇಲೆ ಗಿಡಿಯನ್‌ನ ಫೋನು ಮೊದಲು ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ, ಆಮೇಲೆ ಹುಟ್ಟುಹಬ್ಬಕ್ಕೆ ಎಂದಾಯಿತು. ಬೊಬ್ಬಾ ಮಾತ್ರ ಪ್ರತಿವರ್ಷ ಯೆಹೂದಿ ಹೊಸವರ್ಷಕ್ಕೆ ಕಾರ್ಡು ಕಳಿಸುತ್ತಿದ್ದರು, ಹಂಸಾ ಅದನ್ನು ಫ್ರಿಜ್ಜಿಗೆ ಅಂಟಿಸುತ್ತಿದ್ದಳು. 2016ರಲ್ಲಿ ಅಜ್ಜ ಅಜ್ಜಿ ಇಬ್ಬರೂ ಅಡಿಲೇಡಿನ ಮಗಳ ಮನೆಗೆ ಹೋದರು. 2019ರಲ್ಲಿ ಉತ್ತಮ್ ಅದೇ ಅಡಿಲೇಡಿಗೆ ಓದಲು ಬಂದ. ಮಗಳ ಮನೆ ಅವನ ರೂಮಿನಿಂದ ಬಸ್ಸಿನಲ್ಲಿ ಇಪ್ಪತ್ತು ನಿಮಿಷ. ಹತ್ತು ತಿಂಗಳಲ್ಲಿ ಅವನು ಒಂದು ಸಲವೂ ಹೋಗಲಿಲ್ಲ.

ಹೋಗಲಾಗಲಿಲ್ಲ. ಹತ್ತು ವರ್ಷದ ಹುಡುಗ ಹೇಳಿದರೆ ಅದು ಕಥೆ. ಮೀಸೆ ಬಂದವನು ಅದೇ ಮಾತನ್ನು ಹೊತ್ತುಕೊಂಡು ಹೋಗಿ ಮುದುಕಿಯ ಮುಂದೆ ಕೂತು ಸೂಪು ಕುಡಿದರೆ ಅದು ಮೋಸ. ಜೈದಾ ಎರಡು ಸಲ ಫೋನ್ ಮಾಡಿದ್ದರು. ಎರಡು ಸಲವೂ ಅವನಿಗೆ ಪರೀಕ್ಷೆ ಇತ್ತು.

ಡಿಸೆಂಬರಿನಲ್ಲಿ ಅಡಿಲೇಡ್ ನಲವತ್ತೈದು ಡಿಗ್ರಿಗೆ ಕಾದ ಒಂದು ಮಧ್ಯಾಹ್ನ ಉತ್ತಮ್ ಸರ್ವೋದಲ್ಲಿ, ಅಂದರೆ ತಾನು ಕೆಲಸ ಮಾಡುತ್ತಿದ್ದ ಪೆಟ್ರೋಲ್ ಬಂಕಿನಲ್ಲಿ, ಐಸ್ ಚೀಲಗಳನ್ನು ಜೋಡಿಸುತ್ತಿದ್ದ. ಗಿಡಿಯನ್‌ನ ಫೋನು ಬಂತು.

"ಜೈದಾ ಹೋಗ್ಬಿಟ್ರು ಕಣೋ. ಸೋಮವಾರ. ಮಂಗಳವಾರ ಮಣ್ಣು ಮಾಡಿದ್ವಿ. ನಾವೆಲ್ಲ ಇಲ್ಲೇ ಅಡಿಲೇಡಲ್ಲೇ ಇದೀವಿ."

ಉತ್ತಮ್ ಐಸ್ ಚೀಲ ಹಿಡಿದುಕೊಂಡೇ ನಿಂತ. "ಅವತ್ತೇ ಯಾಕೋ ಹೇಳ್ಲಿಲ್ಲ?"

"ಹೇಳಿದ್ರೆ ಬರ್ತಿದ್ಯಾ?"

ಗಿಡಿಯನ್ ಮುಂದುವರಿಸಿದ. ಏಳು ದಿನ ಮನೆಯಲ್ಲಿ ಪ್ರಾರ್ಥನೆ. ಸತ್ತವರಿಗಾಗಿ ಮಗ ಹೇಳುವ ಕದ್ದೀಶ್ ಎಂಬ ಪ್ರಾರ್ಥನೆಗೆ ಹತ್ತು ಮಂದಿ ಬೇಕು, ಹದಿಮೂರು ದಾಟಿದ ಯೆಹೂದಿ ಗಂಡಸರು. ಒಂಬತ್ತು ಜನ ಮಹಾರಾಜರಿದ್ದರೂ ಆಗುವುದಿಲ್ಲ. ಅಡಿಲೇಡಿನಲ್ಲಿ ಯೆಹೂದಿಗಳೇ ಕಮ್ಮಿ, ಇದ್ದವರಲ್ಲಿ ಅರ್ಧ ಜನ ರಜೆಗೆ ಹೋಗಿದ್ದಾರೆ, ಇನ್ನರ್ಧಕ್ಕೆ ಈ ಬಿಸಿಲು.

"ಇವತ್ತು ಸಂಜೆಗೆ ಒಂಬತ್ತೇ ಜನ. ಬೊಬ್ಬಾ ಹೇಳಿದ್ರು, ನಂಜನಗೂಡಿನ ಹುಡುಗ ಇಲ್ಲೇ ಇದಾನಲ್ಲ, ಅವನನ್ನ ಕರೀರಿ ಅಂತ."

"ಗಿಡಿ, ನಿಂಗೆ ಗೊತ್ತಲ್ಲ."

"ನಂಗೆ ಅವತ್ತೇ ಗೊತ್ತು. ಇಷ್ಟು ದಿನ ಹೇಳಿಲ್ಲ, ಈಗ್ಲೂ ಹೇಳಲ್ಲ. ಬರೋದು ಬಿಡೋದು ನಿಂಗೆ ಬಿಟ್ಟಿದ್ದು."

ಸಂಜೆ ಆ ಮನೆಗೆ ಹೊರಟ ಉತ್ತಮ್ ಬಸ್ಸಿನಿಂದ ಅಮ್ಮನಿಗೆ ಫೋನ್ ಮಾಡಿದ. ಹಂಸಾ ಅಯ್ಯೋ ಪಾಪ ಎಂದಳು, ಅಜ್ಜಿಯನ್ನು ವಿಚಾರಿಸಿಕೊಂಡು ಬಾ ಎಂದಳು, ಸಾವಿನ ಮನೆಯಲ್ಲಿ ಏನೂ ತಿನ್ನಬೇಡ, ರೂಮಿಗೆ ಬಂದ ತಕ್ಷಣ ತಲೆಗೆ ನೀರು ಹಾಕ್ಕೋ ಎಂದಳು.

ಅವರ ಸೂತಕದ ಪದ್ಧತಿಯಂತೆ ಮನೆಯಲ್ಲಿ ಕನ್ನಡಿಗಳಿಗೆಲ್ಲ ಬೆಡ್‌ಶೀಟ್ ಹೊದಿಸಿದ್ದರು. ಗಿಡಿಯನ್‌ನ ಅಪ್ಪ ದುಃಖಕ್ಕೆ ತಾವೇ ಹರಿದುಕೊಂಡ ಅಂಗಿಯಲ್ಲಿ ಗೋಡೆಗೊರಗಿ ಕೂತಿದ್ದರು. ಬೊಬ್ಬಾ ನೆಲಕ್ಕೆ ತಗಲುವಂಥ ಗಿಡ್ಡ ಸ್ಟೂಲಿನ ಮೇಲೆ. ಅವರು ಅರ್ಧದಷ್ಟಾಗಿದ್ದರು. ಉತ್ತಮ್‌ನನ್ನು ನೋಡಿ ಕೈ ಚಾಚಿ ಅವನ ಕೆನ್ನೆ ತಟ್ಟಿದರು. "ಬಂದೆಯಾ," ಎಂದರು. "ನೀನಿದ್ದೀಯ ಅಂತ ನನಗೆ ಧೈರ್ಯ ಇತ್ತು."

ಯಾರೋ ಅವನ ತಲೆಯ ಮೇಲೆ ಒಂದು ಪುಟ್ಟ ಟೋಪಿ ಇಟ್ಟರು. ಗಿಡಿಯನ್ ಪಕ್ಕ ಬಂದು ನಿಂತ. ಎಂಟು ವರ್ಷದ ಹಿಂದೆ ಮೇಜಿನ ಕೆಳಗೆ ಒದೆಯುತ್ತಿದ್ದ ಕಾಲು ಈಗ ಸುಮ್ಮನಿತ್ತು.

ಮನುಷ್ಯರನ್ನು ಒಂದು ಎರಡು ಎಂದು ಎಣಿಸುವುದು ಅವರಲ್ಲಿ ನಿಷಿದ್ಧ. ಬದಲಿಗೆ ಹತ್ತು ಶಬ್ದಗಳ ಒಂದು ಶ್ಲೋಕವಿದೆ. ತಲೆಗೊಂದು ಶಬ್ದದಂತೆ ಹೇಳುತ್ತಾ ಹೋಗುತ್ತಾರೆ, ಶ್ಲೋಕ ಪೂರ್ತಿಯಾದರೆ ಜನ ಪೂರ್ತಿ. ಹುಬ್ಬು ನರೆತ ಒಬ್ಬ ಮುದುಕರು ಬೆರಳು ತೋರಿಸದೆ, ಕಣ್ಣಿನಲ್ಲೇ ಒಬ್ಬೊಬ್ಬರನ್ನು ನೋಡುತ್ತಾ ಶ್ಲೋಕ ಹೇಳಿದರು. ಕೊನೆಯ ಶಬ್ದ ಉತ್ತಮ್‌ನ ಮೇಲೆ ಬಿತ್ತು. ಬೊಬ್ಬಾ ನೆಮ್ಮದಿಯಿಂದ ಕಣ್ಣು ಮುಚ್ಚಿಕೊಂಡರು. ಮಗ ಎದ್ದು ನಿಂತು ಪುಸ್ತಕ ತೆರೆದರು.

ಸುಮ್ಮನಿದ್ದರೆ ಆಗಿಹೋಗುತ್ತಿತ್ತು. ಮುದುಕಿಗೆ ಸಮಾಧಾನ, ಮಗನಿಗೆ ಸಮಾಧಾನ. ಆದರೆ ಜೈದಾ ಅವರ ಹೆಸರಿನಲ್ಲಿ ಹೇಳುವ ಮಾತು ಖೋಟಾ ಆಗುತ್ತಿತ್ತು, ಮತ್ತು ಅದು ಉತ್ತಮ್ ಒಬ್ಬನಿಂದ. ಅದನ್ನು ಅವನಿಂದ ಸಹಿಸಲಾಗಲಿಲ್ಲ.

"ನನ್ನನ್ನ ಸೇರಿಸ್ಬೇಡಿ," ಎಂದ. "ನಾನು ಯೆಹೂದಿ ಅಲ್ಲ. ಆವತ್ತು ಸುಳ್ಳು ಹೇಳಿದೆ. ನಂಜನಗೂಡಿನಲ್ಲಿ ಯೆಹೂದಿಗಳು ಇಲ್ಲ."

"ಒಬ್ಬರೂ ಇಲ್ಲವೇ?" ಎಂದು ಹುಬ್ಬಿನ ಮುದುಕರು ಕೇಳಿದರು.

"ಒಬ್ಬರೂ ಇಲ್ಲ."

"ಹದಿನಾಲ್ಕು ಮನೆ ಅಂತ ಕೇಳಿದ್ದೆನಲ್ಲ."

"ನಂಗೂ ಗೊತ್ತಿತ್ತು," ಎಂದ ಗಿಡಿಯನ್. "ಮೊದಲನೇ ದಿನದಿಂದ." ಅವನು ಉತ್ತಮ್‌ನ ಪಕ್ಕದಿಂದ ಕದಲಲಿಲ್ಲ.

ಗಿಡಿಯನ್‌ನ ಅಪ್ಪ ಪುಸ್ತಕ ಮುಚ್ಚಿದರು. ಕಿಟಕಿಯ ಹೊರಗೆ ಬಿಸಿಲು ಇಳಿಯುತ್ತಿತ್ತು, ಹತ್ತನೆಯವನನ್ನು ಇನ್ನೆಲ್ಲಿಂದ ತರುವುದು. "ನಾಳೆ ಬೆಳಿಗ್ಗೆ ಮೆಲ್ಬರ್ನಿನಿಂದ ಇಬ್ಬರು ಬರುತ್ತಾರೆ," ಎಂದರು. "ಇವತ್ತು ಅಪ್ಪನಿಗೆ ಕದ್ದೀಶ್ ಇಲ್ಲ." ಬೈದಿದ್ದರೆ ಉತ್ತಮ್‌ಗೆ ಎಷ್ಟೋ ಸುಲಭವಾಗುತ್ತಿತ್ತು. ಒಂಬತ್ತು ಜನ ಪ್ರಾರ್ಥನೆಯ ಉಳಿದ ಭಾಗವನ್ನು ತಂತಮ್ಮಷ್ಟಕ್ಕೆ ಓದಿಕೊಂಡರು. ಉತ್ತಮ್ ಹಿಂದೆ ನಿಂತಿದ್ದ, ಆಟಕ್ಕುಂಟು ಲೆಕ್ಕಕ್ಕಿಲ್ಲ.

ಅದು ಮುಗಿದ ಮೇಲೆ ಬೊಬ್ಬಾ ಕರೆದರು. "ಇಲ್ಲಿ ಬಾ. ಕೂತುಕೋ."

ಅವನು ಸ್ಟೂಲಿನ ಪಕ್ಕ ನೆಲದ ಮೇಲೆ ಕೂತ.

"ನಿಮ್ಮಮ್ಮನ ಎರಡು ದೀಪ?"

"ಅದು ಲಕ್ಷ್ಮಿ ಅಂತ ನಮ್ಮ ದೇವರಿಗೆ."

"ಹಾಲಿನ ಪಾತ್ರೆ?"

"ಬೇರೆ ಏನಾದ್ರೂ ತಗುಲಿದ್ರೆ ಹಾಲು ಒಡೆದುಹೋಗುತ್ತೆ ಅಂತ."

ಬೊಬ್ಬಾ ಇದನ್ನು ಮನಸ್ಸಿನಲ್ಲಿ ಅಳೆದು ನೋಡಿದರು. ಆಮೇಲೆ, ಬೇರೆಯವರಿಗೆ ಕೇಳದಷ್ಟು ಮೆಲ್ಲಗೆ ಕೇಳಿದರು.

"ಜೈದಾಗೆ ಗೊತ್ತಿತ್ತೇ?"

ಉತ್ತಮ್‌ನ ಬಾಯಲ್ಲಿ ಆಗಷ್ಟೇ ಹೇಳಿದ ನಿಜದ ಕಹಿ ಇನ್ನೂ ಆರಿರಲಿಲ್ಲ. ಇನ್ನು ಮುಂದೆ ಸುಳ್ಳು ಬೇಡವೇ ಬೇಡ ಎಂದುಕೊಂಡು ಅರ್ಧ ಗಂಟೆಯೂ ಆಗಿರಲಿಲ್ಲ. ಬೊಬ್ಬಾ ಅವನನ್ನೇ ನೋಡುತ್ತಿದ್ದರು. ಹೌದು ಎಂದರೆ, ಗಂಡ ಎಂಟು ವರ್ಷ ತನ್ನನ್ನು ಕುಣಿಸಿ ಒಳಗೊಳಗೇ ನಗುತ್ತಿದ್ದ ಎಂದು ಅವರಿಗೆ ಇವತ್ತು, ಈ ಸ್ಟೂಲಿನ ಮೇಲೆ ಕೂತು ತಿಳಿಯಬೇಕು. ಜಗಳವಾಡೋಣವೆಂದರೆ ಆ ಮನುಷ್ಯ ಇಲ್ಲ.

"ಇಲ್ಲ ಬೊಬ್ಬಾ. ಅವರು ನಂಬಿದ್ರು."

"ನಿಜವಾಗಿಯೂ?"

"ಪೂರ್ತಿ ನಂಬಿದ್ರು. ಒಂದ್ಸಲ ಹೋಗಿ ನೋಡ್ಕೊಂಡು ಬರ್ಬೇಕು, ಪಾಸ್‌ಪೋರ್ಟ್ ರಿನ್ಯೂ ಮಾಡಿಸ್ಬೇಕು ಅಂತಿದ್ರು."

ಬೊಬ್ಬಾ ಅವರ ಭುಜ ಅಲುಗತೊಡಗಿತು. ಮಗಳು ನೀರಿನ ಲೋಟ ಹಿಡಿದು ಓಡಿಬಂದಳು. ಮುದುಕಿ ಅಳುತ್ತಿರಲಿಲ್ಲ. ಸಾವಿನ ಮನೆಯಲ್ಲಿ ಹೀಗೆ ನಗುವವರನ್ನು ಏನು ಮಾಡಬೇಕೆಂದು ಯಾವ ಶಾಸ್ತ್ರದಲ್ಲೂ ಬರೆದಿರಲಿಲ್ಲವೋ ಏನೋ, ಎಲ್ಲರೂ ಸುಮ್ಮನೆ ನಿಂತರು.

"ಐವತ್ತೆಂಟು ವರ್ಷ," ಎಂದರು ಬೊಬ್ಬಾ ಕಣ್ಣೊರೆಸಿಕೊಳ್ಳುತ್ತಾ. "ಐವತ್ತೆಂಟು ವರ್ಷ ನನ್ನ ತಲೆಗೆ ಏನೇನೋ ತುಂಬಿದ. ಒಂದೇ ಒಂದು ಸಲ ಅವನಿಗೆ ನಾನು ಟೋಪಿ ಹಾಕಲಾಗಲಿಲ್ಲ. ಹತ್ತು ವರ್ಷದ ಹುಡುಗ ಹಾಕಿದ." ಮಗಳ ಕಡೆ ತಿರುಗಿ, "ಇವನಿಗೊಂದು ತಟ್ಟೆ ಕೊಡು," ಎಂದರು. ಉತ್ತಮ್ ಅಮ್ಮನ ಮಾತು ಮೀರಿ, ಕೊಟ್ಟದ್ದನ್ನೆಲ್ಲ ತಿಂದ.

ಗಿಡಿಯನ್ ಬಸ್ ಸ್ಟಾಪಿನವರೆಗೆ ಬಂದ. ಬಸ್ಸು ದೂರದಲ್ಲಿ ಕಾಣಿಸಿದಾಗ ಗಿಡಿಯನ್ ಕೇಳಿದ.

"ಜೈದಾಗೆ ನಿಜವಾಗ್ಲೂ ಗೊತ್ತಿರ್ಲಿಲ್ವೇನೋ?"

ಎಂಟು ವರ್ಷ ಒಂದು ಮಾತೂ ಕೇಳದೆ ತನ್ನ ಸುಳ್ಳನ್ನು ಕಾದವನು ಇವನು. ಇವನಿಗೆ ಹೇಳಬಹುದಿತ್ತು. ಆದರೆ ಇವನು ಇವತ್ತಷ್ಟೇ ಅಪ್ಪನ ಮುಂದೆ ನಿಂತು ಒಪ್ಪಿಕೊಂಡಿದ್ದಾನೆ. ಇನ್ನೊಂದನ್ನು ಇವನ ತಲೆಗೆ ಕಟ್ಟಿ, ಬೊಬ್ಬಾ ಇರುವವರೆಗೂ ಬಾಯಿ ಮುಚ್ಚಿಕೊಂಡಿರು ಎನ್ನುವುದು ನ್ಯಾಯವಲ್ಲ.

"ಗೊತ್ತಿರ್ಲಿಲ್ಲ ಕಣೋ," ಎಂದ ಉತ್ತಮ್.

ಗಿಡಿಯನ್ ತಲೆಯಾಡಿಸಿದ. ನಂಬಿದ ಹಾಗೆ ಕಂಡಿತು.

ಬಸ್ಸಿನಲ್ಲಿ ಉತ್ತಮ್ ಕಿಟಕಿಯ ಪಕ್ಕ ಕೂತ. ಪಾಸ್‌ಪೋರ್ಟಿನ ಮಾತು ಹೇಗೆ ಬಂತೋ ಅವನಿಗೇ ಗೊತ್ತಿರಲಿಲ್ಲ. ಆದರೆ ಅದು ಒಳ್ಳೆಯ ಜಾಗದಲ್ಲಿ ಬಿದ್ದಿತ್ತು, ಬೊಬ್ಬಾ ಪೂರ್ತಿ ನಂಬಿದ್ದು ಅಲ್ಲಿ. ಇದನ್ನು ಯಾರಿಗಾದರೂ ಹೇಳಬೇಕೆಂದು ಅವನಿಗೆ ತಡೆಯಲಾರದಷ್ಟು ಆಸೆಯಾಯಿತು. ಯಾರಿಗೆಂದು ಯೋಚಿಸಿದ. ಆಮೇಲೆ, ಫೋನು ಬಂದಾಗಿನಿಂದ ಬಾರದಿದ್ದ ಅಳು ಬಂತು, ಎದುರಿನ ಸೀಟಿನ ಹೆಂಗಸು ಎದ್ದು ಬಂದು ನೀರಿನ ಬಾಟಲಿ ಕೊಡುವಷ್ಟು. ಹತ್ತು ತಿಂಗಳು ಜೈದಾ ಇಪ್ಪತ್ತು ನಿಮಿಷದ ದೂರದಲ್ಲಿದ್ದರು. ಇದನ್ನು ಕೇಳಬೇಕಾಗಿದ್ದ ಒಬ್ಬನೇ ಮನುಷ್ಯನನ್ನು ಮಂಗಳವಾರ ಮಣ್ಣು ಮಾಡಿದ್ದರು.